ಈರಪ್ಪ ಕಾಕಾನ ಎರಡನೆಯ ಬಳ್ಳಿ

ಈರಪ್ಪ ಕಾಕಾ ಮಣ್ಣು ತಿನ್ನುತ್ತಿದ್ದ. ಇದು ಅತಿಶಯೋಕ್ತಿ ಎಂದು ಎದುರು ಪಕ್ಷದವರು ಆಕ್ಷೇಪಿಸಿದರೆ ಒಪ್ಪುತ್ತೇನೆ, ನೆಕ್ಕುತ್ತಿದ್ದ. ಬಳ್ಳಿಯ ಬುಡದಿಂದ ಒಂದು ಚಿಟಿಕೆ ಮಣ್ಣು ತೆಗೆದು ನಾಲಗೆಯ ತುದಿಗಿಟ್ಟು, ಕಣ್ಣು ಮುಚ್ಚಿ, ಥೂ ಎಂದು ಉಗಿದು, "ಉಪ್ಪು ಏರೇತಿ" ಎಂದು ತೀರ್ಪು ಕೊಡುತ್ತಿದ್ದ. ಆಮೇಲೆ ಅದೇ ಕೈಯನ್ನು ಲುಂಗಿಗೆ ಒರೆಸಿಕೊಂಡು ನನಗೊಂದು ಸೌತೆಕಾಯಿ ಮುರಿದು ಕೊಡುತ್ತಿದ್ದ. ಆ ಕೈ ಅದಕ್ಕೂ ಮುಂಚೆ ಎಲ್ಲಿತ್ತು ಎಂಬುದು ನನಗೆ ಗೊತ್ತಿತ್ತು. ಮೀನಿನ ಡ್ರಮ್ಮಿನಲ್ಲಿ.

ಆ ನೀಲಿ ಡ್ರಮ್ಮು! ಮೀನು ಮಾರುಕಟ್ಟೆಯಿಂದ ತರಿಸಿದ ಕರುಳು, ಕಿವಿರು, ತಲೆಗಳನ್ನು ನೀರಿನಲ್ಲಿ ವಾರಗಟ್ಟಲೆ ಕೊಳೆಹಾಕಿ, ಮೇಲೆ ಹಳದಿ ನೊರೆ ಕಟ್ಟಿದ ಮೇಲೆ ಕೋಲಿನಿಂದ ತಿರುವಿ, ಕುಂಬಳದ ಬೇರಿಗೆ ಹೊಯ್ಯುತ್ತಿದ್ದ. ಹುಬ್ಬಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ಶುಕ್ರವಾರ, ಆ ಅರಬ್ ದೇಶದ ವಾರದ ರಜೆಯ ದಿನ, ಫರ್ವಾನಿಯಾದ ನಮ್ಮ ಫ್ಲ್ಯಾಟಿನಿಂದ ಅಪ್ಪನ ಕಾರಿನಲ್ಲಿ ಮರಳುಗಾಡಿನಂಚಿನ ವಫ್ರಾಕ್ಕೆ ಹೋದರೆ, ತೋಟದ ಗೇಟು ಕಾಣುವ ಮೊದಲೇ ನನ್ನ ಕೈ ಮೂಗಿಗೆ ಹೋಗುತ್ತಿತ್ತು.

ಕಾಕಾ ನಮ್ಮ ಬಳಗದವನಲ್ಲ, ಅಪ್ಪನ ತಾಲ್ಲೂಕಿನವನು. ಅಪ್ಪ ಟೆಕ್ನಿಷಿಯನ್ ಆಗಿ ಬಂದ, ಕಾಕಾ ತೋಟದ ಆಳಾಗಿ ಬಂದ, ವ್ಯತ್ಯಾಸ ಅಷ್ಟೇ. ಬಸ್ಸೇ ಬಾರದ ಆ ಜಾಗದಲ್ಲಿ ಅವನಿಗೆಂದು ಅವ್ವ ವಾರವಾರವೂ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸುತ್ತಿದ್ದಳು.

ತೋಟದ ಯಜಮಾನ, ಅಂದರೆ ವೀಸಾ ಕೊಟ್ಟು ಕರೆಸಿ ಪಾಸ್‌ಪೋರ್ಟನ್ನು ತನ್ನಲ್ಲೇ ಇಟ್ಟುಕೊಂಡಿದ್ದ ಕಾಕಾನ ಕಫೀಲ್, ಯಾವುದೋ ದೇಶದಲ್ಲಿ ಆಳೆತ್ತರದ ಕುಂಬಳಕಾಯಿ ನೋಡಿ ಬಂದಿದ್ದ. ಬೀಜ ತಂದುಕೊಟ್ಟು, ತನ್ನ ದಿವಾನಿಯಾದಲ್ಲಿ, ಗೆಳೆಯರೆಲ್ಲ ಕೂಡುವ ಆ ಪಡಸಾಲೆಯಲ್ಲಿ, ಅಂಥದೊಂದನ್ನು ಇಟ್ಟು ಮೆರೆಯಬೇಕೆಂದು ಹೇಳಿದ. ಎರಡು ಬೀಜ ಮೊಳೆತವು. ಕಾಕಾ ಬಳ್ಳಿಗಳ ಸುತ್ತ ಹಲಗೆ ಹಾಸಿ ಅದರ ಮೇಲಷ್ಟೇ ನಡೆಯುತ್ತಿದ್ದ. ಕಾಲಿಟ್ಟರೆ ಮಣ್ಣು ಬಿಗಿಯುತ್ತದಂತೆ. ಕಬ್ಬಿಣದ ಸರಳಿನಿಂದ ಬುಡದಿಂದ ಒಂದು ಮೊಳ ದೂರದಲ್ಲಿ ಮೆಲ್ಲಗೆ ಚುಚ್ಚಿ, ಅಲುಗಿಸಿ, ಮೇಲೆತ್ತಿ, ಬಿಸಿಲಲ್ಲಿಟ್ಟು ಬೆಚ್ಚಗಾದ ನೀರನ್ನು ಆ ತೂತುಗಳಿಗೇ ಎರೆಯುತ್ತಿದ್ದ. ಕಾಂಡಕ್ಕೆ ಒಂದು ಹನಿ ತಾಗಿದರೂ ಲುಂಗಿಯ ತುದಿಯಿಂದ ಒರೆಸುತ್ತಿದ್ದ. ಆ ಲುಂಗಿಯಿಂದ!

"ಬೇರು ನೀರಿಲ್ಲದ ಅಷ್ಟ ಸಾಯೂದಿಲ್ಲ ಬೇ, ಉಸರುಗಟ್ಟಿನೂ ಸಾಯ್ತಾವ. ನೀ ಹಂಗ ಮೂಗು ಹಿಡಕೊಂಡು ಎಷ್ಟೊತ್ತು ಇರ್ತಿ? ಅವೂ ಅಷ್ಟ."

ನಾನು ಆಗ ಶಾಲೆಯ ಚರ್ಚಾಕೂಟದ ತಂಡದಲ್ಲಿದ್ದೆ. ಯಾವ ವಿಷಯ ಕೊಟ್ಟರೂ, ಯಾವ ಪಕ್ಷ ಕೊಟ್ಟರೂ ವಾದಿಸುತ್ತಿದ್ದೆ.

"ಪ್ರೂಫ್ ಏನು ಕಾಕಾ? ಚುಚ್ಚದ ಬಿಟ್ಟ ಬಳ್ಳಿ ಸತ್ತಿದ್ದು ನೋಡೀಯೇನು?"

"ನಾ ಯಾಕ ಚುಚ್ಚದ ಬಿಡ್ಲಿ?"

"ಹಂಗಾರ ಅದು ಬರೇ ನಂಬಿಕಿ. ನಿನ್ನ ಡ್ರಮ್ಮಿನ ನಾತಾನೂ ನಂಬಿಕೀನ."

ಅಪ್ಪ ನಕ್ಕ. "ಸೋತಿ ನೋಡಪಾ ಈರಪ್ಪಾ."

ಕಾಕಾ ಸರಳಿನಿಂದಲೇ ಬೆನ್ನು ಕೆರೆದುಕೊಂಡ. "ಆತು. ಗೇಟಿನ ಬಾಜೂದ ಬಳ್ಳಿ ನಿಂದು. ಎರಡನೇದು ಹೆಂಗೂ ಹೆಚ್ಚಿಂದು. ನೀ ಹೇಳ್ದಂಗ ಮಾಡ್ತೀನಿ."

ನಾನು ನಿಯಮ ಹಾಕಿದೆ: ಚುಚ್ಚಬಾರದು, ಡ್ರಮ್ಮಿನ ರಸ ಹಾಕಬಾರದು, ದಿನಾ ಬೆಳಿಗ್ಗೆ ಪೈಪಿನಿಂದ ಮಣ್ಣು ತೊಯ್ಯುವಷ್ಟು ನೀರು. ಅವನು ಕಣ್ಣು ತಪ್ಪಿಸಿ ಚುಚ್ಚಿರುತ್ತಾನೆಂದು ಪ್ರತಿ ಶುಕ್ರವಾರ ಬಗ್ಗಿ ಹುಡುಕುತ್ತಿದ್ದೆ. ಒಂದು ತೂತೂ ಸಿಗಲಿಲ್ಲ.

ಆದರೂ ನನ್ನ ಬಳ್ಳಿಯೇ ಮುಂದಿತ್ತು! ಜನವರಿಯಲ್ಲಿ ಅದರ ಎಲೆಗಳು ಪರಾತದಷ್ಟಾದವು, ಕಾಯಿ ನನ್ನ ಎರಡು ತೋಳಿಗೂ ನಿಲುಕದಷ್ಟಾಯಿತು. ನಾನು ಬೀಗಿದೆ. "ಹೌದವ್ವಾ, ನಿಂದ ದೊಡ್ಡದೈತಿ" ಎಂದು ಕಾಕಾ ಹಗ್ಗ ಹಿಡಿದು ಅಳೆದು ಒಪ್ಪಿಕೊಂಡ. ಕಫೀಲ್ ಬಂದವನೂ ಕಾರಿನಿಂದಿಳಿಯದೆ ಅದನ್ನೇ ಬೆರಳು ಮಾಡಿ ತೋರಿಸಿದ: ಈ ಕಾಯಿ ಮಾರ್ಚಿನಲ್ಲಿ ದಿವಾನಿಯಾ ಸೇರಿದ ಮರುದಿನ ನಿನಗೆ ಪಾಸ್‌ಪೋರ್ಟು, ಮೂರು ತಿಂಗಳ ರಜೆ.

ಆ ರಜೆ ಯಾಕೆ ಬೇಕಿತ್ತೆಂದು ನಮಗೆಲ್ಲ ಗೊತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗನನ್ನು ಕಾಕಾ ಇನ್ನೂ ಕಂಡಿರಲಿಲ್ಲ. ಮೂರು ತುಂಬುವುದರೊಳಗೆ ಜವಳ ತೆಗೆಸಬೇಕು. ಕಾಕಾ ಬರಲಿ ಎಂದು ಊರಲ್ಲಿ ಕತ್ತರಿ ತಾಗಿಸದೆ ಕಾದಿದ್ದರು. ಫೋಟೋದಲ್ಲಿ ಹುಡುಗನಿಗೆ ಎರಡು ಜಡೆ, ಕೆಂಪು ರಿಬ್ಬನ್ನು. "ಹೆಣ್ಣುಕೂಸು ಅಂತಾರ ಮಂದಿ," ಎಂದು ಕಾಕಾ ಆ ಮೀನಿನ ಬೆರಳಿನಿಂದಲೇ ಫೋಟೋ ಒರೆಸಿ ನಗುತ್ತಿದ್ದ. "ನಾ ಹೋಗಿ ತೊಡಿಮ್ಯಾಲ ಕುಂದ್ರಿಸಿಕೊಂಡು ತಗಸ್ತೀನಿ."

ಫೆಬ್ರವರಿಯ ಕೊನೆಯಲ್ಲಿ ಒಂದು ಮಧ್ಯಾಹ್ನ ನನ್ನ ಬಳ್ಳಿಯ ಎಲೆಗಳು ಜೋತುಬಿದ್ದಿದ್ದವು.

"ನೀರಡಿಕಿ. ಇನ್ನ ಮ್ಯಾಲ ಸಂಜೀಕೂ ಬಿಡು," ಎಂದೆ.

ಕಾಕಾ ಮಣ್ಣಿನ ಮೇಲೆ ಅಂಗೈ ಇಟ್ಟ. "ಹಸೀನ ಐತೆಲ್ಲವ್ವಾ. ಮ್ಯಾಲ ಉಪ್ಪಿನ ಹಕ್ಕಳಿ ಕಟ್ಟೇತಿ ನೋಡು."

"ಎಲಿ ಬಾಡೇತಿ. ಬಾಡಿದ್ರ ನೀರು ಬೇಕು. ಸಿಂಪಲ್ ಐತಿ ಕಾಕಾ."

ಅವನು ಸರಳನ್ನು ಕೈಯಿಂದ ಕೈಗೆ ಬದಲಿಸಿದ. "ಒಂದ ನಾಕ ತೂತು ಹಾಕ್ಲಿ? ನಾಕ ಅಷ್ಟ."

"ಹಾಕು. ಆದ್ರ ನೀ ಸೋತಂಗ."

ಅವನು ಹಾಕಲಿಲ್ಲ.

ಮುಂದಿನ ಶುಕ್ರವಾರ ಗೇಟಿನಲ್ಲಿ ಕಫೀಲನ ಕಾರು ನಿಂತಿತ್ತು. ಬಂದ ನಾತ ಡ್ರಮ್ಮಿನದಲ್ಲ, ಡ್ರಮ್ಮನ್ನೂ ಮೀರಿಸಿದ್ದು. ಕಾಂಡ ಕಂದು ಲೋಳೆಯಾಗಿತ್ತು. ಕಾಯಿಯ ತಳ ಕುಸಿದು, ಒಳಗಿನ ನಾರು ಹೊರಬಂದು, ಅದರಲ್ಲಿ ಬಿಳಿ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಕಫೀಲ್ ತನ್ನ ಬಿಳಿ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ. ಇದು ಯಾರ ಕೆಲಸ ಎಂದು ಕೂಗಿದ.

"ಅನಾ, ಬಾಬಾ," ಎಂದ ಕಾಕಾ, ತಾನೇ ಎಂದು ಎದೆ ಮುಟ್ಟಿಕೊಂಡು. "ಮೋಯಾ ಜ್ಯಾದಾ." ನೀರು ಜಾಸ್ತಿ ಆಯಿತು.

"ಮಾಫಿ ಇಜಾಜಾ. ಖಲಾಸ್!" ರಜೆ ಇಲ್ಲ, ಮುಗಿಯಿತು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನಮ್ಮ ಮನೆಯ ಕಪಾಟಿನಲ್ಲಿ ನಾನು ಚರ್ಚಾಕೂಟದಲ್ಲಿ ಗೆದ್ದ ಕಪ್ಪುಗಳಿಡಲು ಜಾಗವಿರಲಿಲ್ಲ. ಒಂದು ವಾಕ್ಯ ಸಾಕಿತ್ತು, ಇಂಗ್ಲಿಷಿನಲ್ಲಿ ಹೇಳಿದ್ದರೂ ಕಫೀಲನಿಗೆ ತಿಳಿಯುತ್ತಿತ್ತು. ನಾನು ಮೂಗು ಬಾಯಿ ಎರಡನ್ನೂ ಅಂಗೈಯಲ್ಲಿ ಮುಚ್ಚಿಕೊಂಡು ನಿಂತಿದ್ದೆ. ಅಪ್ಪ ಬೆರಳಲ್ಲಿ ಕಾರಿನ ಕೀಲಿ ತಿರುವುತ್ತಿದ್ದ. ದಾರಿಯಲ್ಲಿ, "ಅವನ ತಾನಾಗಿ ಹೇಳ್ಯಾನ, ಬಿಡು," ಎಂದ. ಆ ನಾತಕ್ಕೆ ಬಾಯಿ ತೆರೆಯಲು ಆಗುವಂತೆಯೇ ಇರಲಿಲ್ಲ ಎಂದು ನಾನು ಫರ್ವಾನಿಯಾದವರೆಗೂ ನನ್ನೊಳಗೇ ವಾದಿಸಿದೆ. ಗೆದ್ದೆ ಕೂಡ. ಅಂಥ ಹೊಲಸು ಗೆಲುವು ನನಗೆ ಮತ್ತೆಂದೂ ಸಿಕ್ಕಿಲ್ಲ.

ಮಾರ್ಚಿನಲ್ಲಿ ಕಾಕಾ ಚುಚ್ಚಿ ಬೆಳೆಸಿದ ಕಾಯಿಯನ್ನು ಆರು ಜನ ಹೊತ್ತು ಪಿಕಪ್ಪಿಗೇರಿಸಿ ದಿವಾನಿಯಾಕ್ಕೆ ಒಯ್ದರಂತೆ. ಮೆಚ್ಚಿಕೊಂಡರಂತೆ. ರಜೆಯ ಮಾತು ಯಾರೂ ಎತ್ತಲಿಲ್ಲ.

ಅವನನ್ನು ನಾನು ಕೊನೆಗೆ ಕಂಡದ್ದು ಏಪ್ರಿಲ್ಲಿನಲ್ಲಿ. ಆಮೇಲೆ ನಾನು ಕಾಲೇಜಿಗೆ ಹೋದೆ. ಮರುವರ್ಷ ಬರುವಷ್ಟರಲ್ಲಿ ಅವನನ್ನು ಯಾವುದೋ ಬೇರೆ ತೋಟಕ್ಕೆ ಕಳಿಸಿದ್ದರು, ಎಲ್ಲಿಗೆಂದು ಗೇಟಿನವನಿಗೆ ಗೊತ್ತಿರಲಿಲ್ಲ.

ಏಪ್ರಿಲ್ಲಿನ ಆ ದಿನ ಡ್ರಮ್ಮನ್ನು ತೊಳೆದು ಬೋರಲು ಹಾಕಿದ್ದ. ಬಳ್ಳಿಗಳ ಜಾಗ ಬರಿದಾಗಿತ್ತು. ಅವನು ನನ್ನ ಬಳ್ಳಿಯಿದ್ದ ಕಡೆ, ಏನೂ ಇಲ್ಲದ ಮಣ್ಣಿಗೆ, ಸರಳು ಚುಚ್ಚಿ ಅಲುಗಿಸಿ ಎತ್ತುತ್ತಿದ್ದ. ನಮ್ಮನ್ನು ಕಂಡು ಹಲಗೆಯ ಮೇಲೆ ಕೂತು, ಜೇಬಿನಿಂದ ಊರಿನ ಹೊಸ ಫೋಟೋ ತೆಗೆದು ನನ್ನ ಕೈಗಿಟ್ಟ. ಹುಡುಗ ಯಾರದೋ ತೊಡೆಯ ಮೇಲೆ ಅಳುತ್ತ ಕೂತಿದ್ದ. ಜಡೆಯಿಲ್ಲ, ರಿಬ್ಬನ್ನಿಲ್ಲ, ನುಣ್ಣನೆಯ ತಲೆ.

"ಸ್ವಾದರಮಾವನ ತೊಡಿಮ್ಯಾಲ ಕುಂತಾನ," ಎಂದ. "ಮೂರು ತುಂಬತಿತ್ತಲ್ಲ, ಇನ್ನೆಷ್ಟು ಕಾಯ್ತಾರ? ತಲಿ ನೋಡು, ಥೇಟ್ ನಮ್ಮ ಕಾಯಿ."

ನಾನು ಹೇಳಬೇಕೆಂದಿದ್ದ ಮಾತನ್ನು ಕಾರಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. ಫೋಟೋ ನೋಡುತ್ತಿದ್ದಂತೆ ಕೈ ತಾನಾಗಿ ಮೂಗು ಬಾಯಿಗೆ ಹೋಯಿತು.

ಕಾಕಾ ಸುತ್ತ ಒಮ್ಮೆ ಮೂಸಿ ನೋಡಿದ. "ಮೂಗು ಬಿಡವ್ವಾ," ಎಂದ. "ಇವತ್ತ ನಾತ ಎಲ್ಲೈತಿ?"