ಇಬ್ಬನಿ ಆರುವ ಮೊದಲು ಇಳಿಸಿದ ಮಿಷನ್

ಶಿರಾದ ಬಾಬಣ್ಣನ ರಾಗಿ ಕಟಾವಿನ ಮಿಷನ್ ಅವತ್ತು ನನ್ನ ಹೊಲದಲ್ಲಿ ಸೋಲಲಿಲ್ಲ. ನಾನು ಸೋಲಿಸಿದೆ. ಬೇಕೆಂದೇ, ಗೊತ್ತಿದ್ದೂ ಗೊತ್ತಿದ್ದೂ ಸೋಲಿಸಿದೆ. ಇಷ್ಟು ವರ್ಷ ಇದನ್ನು ಹೊಟ್ಟೆಯೊಳಗಿಟ್ಟುಕೊಂಡು ಮೂರು ಹೊತ್ತು ಮುದ್ದೆ ನುಂಗಿದ್ದೇನಲ್ಲ — ಥೂ, ನನ್ನ ಜನ್ಮಕ್ಕಿಷ್ಟು!

ಬಡವನಹಳ್ಳಿ ಪಕ್ಕದ ಊರು ನಮ್ಮದು. ಆ ವರ್ಷ ಊರಿಗೆಲ್ಲ ಒಂದೇ ಮಿಷನ್ ಗೊತ್ತುಮಾಡೋಣ, ಬಂದ ಎರಡನ್ನೂ ಒಂದೇ ಹೊಲದಲ್ಲಿ ಓಡಿಸಿ ನೋಡೋಣ ಎಂದು ಹಿರಿಯರು ತೀರ್ಮಾನಿಸಿದರು. ಒಂದು ಬಾಬಣ್ಣನದು — ಹಳೆಯದು, ಅವನೇ ಬಿಚ್ಚಿ, ವೆಲ್ಡಿಂಗ್ ಮಾಡಿ, ಮತ್ತೆ ಎಬ್ಬಿಸಿ ನಿಲ್ಲಿಸಿದ್ದು. ಇನ್ನೊಂದು ಪಾವಗಡದ ನನ್ನ ಬಾಮೈದನದು, ಹೊಚ್ಚ ಹೊಸದು, ಅವನೂ ಮಿಷನ್ನಿಗೆ ಹೊಸಬ. ಎರಡು ಸುಗ್ಗಿ ಮಿಷನ್ ಓಡಿಸಿ ಬಂದವನು ಊರಲ್ಲಿ ನಾನೊಬ್ಬನೇ ಆದ್ದರಿಂದ ಪರೀಕ್ಷೆಯ ಯಜಮಾನಿಕೆ ನನಗೇ ಬಂತು.

ಕುಡುಗೋಲಿನಲ್ಲಿ ರಾಗಿ ಕೊಯ್ಯುವವರು ಬೆಳಗಿನ ಇಬ್ಬನಿಯಲ್ಲೇ ಹೊಲಕ್ಕಿಳಿಯುತ್ತಾರೆ. ತೇವಕ್ಕೆ ಕಾಳು ಉದುರುವುದಿಲ್ಲ. ಹಾಗಾಗಿ ನಮ್ಮವರ ಲೆಕ್ಕದಲ್ಲಿ ಬೆಳಗಿನ ಕೊಯ್ಲೇ ಒಳ್ಳೆಯ ಕೊಯ್ಲು. ಮಿಷನ್ನಿಗೆ ಇದು ಪೂರಾ ಉಲ್ಟಾ — ಹಸಿ ಹುಲ್ಲು ಒಳಗಿನ ಡ್ರಮ್ಮಿಗೆ ಸುತ್ತಿಕೊಳ್ಳುತ್ತದೆ, ತೆನೆ ಬಿಡಿಸಿಕೊಳ್ಳದೆ ಹುಲ್ಲಿನ ಜೊತೆಗೇ ಹಿಂದಕ್ಕೆ ಬೀಳುತ್ತದೆ. ಅಲ್ಲಿ ನಿಂತಿದ್ದವರಲ್ಲಿ ಇದು ಗೊತ್ತಿದ್ದದ್ದು ಇಬ್ಬರಿಗೇ. ಬಾಬಣ್ಣನಿಗೆ, ನನಗೆ.

ಮಿಷನ್ನುಗಳಿಗೆ ಪೂಜೆಯಾಯಿತು, ಚಕ್ರದಡಿ ನಿಂಬೆಹಣ್ಣು ಇಟ್ಟದ್ದಾಯಿತು. ಬಾಬಣ್ಣ ಬಗ್ಗಿ ತೆನೆ ಮುಟ್ಟಿ ನೋಡಿ, "ವಸಿ ಬಿಸ್ಲು ಏರ್ಲಿ ಕಣಣ್ಣ" ಅಂದ.

ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ, "ಹೊರಗಿನಿಂದ ಬಂದೋರು ನೀವು. ಮೊದಲ್ನೇ ಕೊಯ್ಲಿನ ಮರ್ವಾದೆ ನಿಮ್ದೇ ಬಾಬಣ್ಣ, ಇಳೀರಿ."

ಊರೇ ಎದುರು ನಿಂತು ಕೊಟ್ಟ ಮರ್ಯಾದೆಯನ್ನು ಅವನು ಹೇಗೆ ಬೇಡವೆಂದಾನು? ಇಳಿದ. ನಾಲ್ಕು ಸಾಲು ಹೋಗುವಷ್ಟರಲ್ಲಿ ಮಿಷನ್ ಕಟ್ಟಿಕೊಂಡು ನಿಂತಿತು. ಜನ ಹಿಂದೆ ಬಿದ್ದ ಹುಲ್ಲು ಕೊಡವಿ ನೋಡಿದರೆ — ಇಡೀ ಇಡೀ ತೆನೆ. "ಹಸಿ ಐತೆ ಸ್ವಾಮಿ, ಮದ್ಯಾನ ಇನ್ನೊಂದ್ಸಲ ಬುಡಿ" ಎಂದು ಬಾಬಣ್ಣ ಕೇಳಿಕೊಂಡ. ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ಏನ್ಲಾ ರಂಗಪ್ಪ, ಹಸಿ ಇದ್ರೆ ಮಿಷನ್ನಿಗೆ ತೊಂದ್ರೇನಾ?"

ಹೌದು ಅಂದಿದ್ದರೆ ಸಾಕಿತ್ತು. ಒಂದೇ ಒಂದು ಹೌದು. ಬಾಬಣ್ಣನೂ ನನ್ನ ಬಾಯನ್ನೇ ನೋಡುತ್ತಿದ್ದ — ನನಗೆ ಗೊತ್ತೆಂಬುದು ಅವನಿಗೂ ಗೊತ್ತಿತ್ತು.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!" ಅಂದೆ ನಾನು.

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಸುತ್ತಿಕೊಂಡ ಹುಲ್ಲು ಬಿಡಿಸಿ ಬಾಬಣ್ಣನ ಮಿಷನ್ನನ್ನು ಹೊರಗೆಳೆಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂತು. ಆಗ ಬಾಮೈದನ ಮಿಷನ್ ಗರಿಗರಿ ಒಣಗಿದ ಹೊಲಕ್ಕಿಳಿದು ಸರಾಗ ಓಡಿತು. ಓಡದೆ ಏನು? ಆ ಹೊತ್ತಿಗೆ ಯಾವ ಮಿಷನ್ನಾದರೂ ಓಡುತ್ತಿತ್ತು. ಬಾಮೈದನಿಗಾಗಿ ಮಾಡಿದೆ ಎಂದರೆ ಅದು ಇನ್ನೊಂದು ಸುಳ್ಳು. ಊರು ನನ್ನ ಮಾತಿಗೆ ತಲೆಯಾಡಿಸಿತಲ್ಲ, ಆ ಹಮ್ಮು ನನಗೆ ಬೇಕಿತ್ತು.

ಸುಗ್ಗಿ ಅರ್ಧ ಮುಗಿದಿರಲಿಲ್ಲ, ಆ ಹೊಸ ಮಿಷನ್ನಿನ ಬೇರಿಂಗ್ ಹೋಯಿತು. ಸಾಮಾನು ತರುತ್ತೇನೆಂದು ಪಾವಗಡಕ್ಕೆ ಹೋದ ಬಾಮೈದ ಫೋನ್ ಎತ್ತುವುದನ್ನೇ ಬಿಟ್ಟ, ಅಯೋಗ್ಯ! ಮೋಡ ಕಟ್ಟುತ್ತಿತ್ತು. ಪಕ್ಕದ ಹೊಲದ ಗಂಗಮ್ಮ ಓಡಿ ಬಂದಳು. "ಆ ಶಿರಾದ ಬಾಬಣ್ಣನ್ನಾದ್ರೂ ಕರೀಲಾ ರಂಗಪ್ಪ, ರಾಗಿ ನೆಲಕ್ಕೆ ಮಲಗ್ತೈತೆ."

ಆಗಲೂ ನಾನು ಬಾಯಿ ಬಿಡಲಿಲ್ಲ. ಇಲ್ಲ, ಬಿಟ್ಟೆ — "ಅದು ಕಾಳು ಚೆಲ್ಲೋ ಮಿಷನ್ನು, ಬ್ಯಾಡ ಕಣಮ್ಮ" ಅಂದೆ. ಮಳೆ ಹುಯ್ಯಿತು. ಗಂಗಮ್ಮನ ರಾಗಿ ತೆನೆಯಲ್ಲೇ ಮೊಳಕೆಯೊಡೆಯಿತು. ಅವಳು ಅದನ್ನು ಸೆರಗಿನಲ್ಲಿ ತಂದು ನನಗೇ ತೋರಿಸಿ ಅತ್ತಳು, ನಾನು ಅವಳಿಗೆ ಸಮಾಧಾನ ಹೇಳಿದೆ!

ಕಾಳು ಚೆಲ್ಲೋ ಮಿಷನ್ — ನನ್ನ ಬಾಯಿಂದ ಬಿದ್ದ ಆ ಮಾತು ಮಧುಗಿರಿ ದಾಟಿ ಕೊರಟಗೆರೆವರೆಗೂ ಹೋಯಿತು. ಬಾಬಣ್ಣನನ್ನು ಯಾರೂ ಕರೆಯದಾದರು. ಕೊನೆಗೆ ಮಿಷನ್ನನ್ನು ಗುಜರಿಗೆ ಹಾಕಿದ.

ಮೊನ್ನೆ ಶಿರಾಕ್ಕೆ ಹೋದೆ. ಈಗ ಅವನು ಬೇರೆಯವರ ಅಂಗಡಿಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ಬೈಯುತ್ತಾನೆ, ಆಮೇಲೆ ತಣ್ಣಗಾಗುತ್ತಾನೆ, ಟೀ ಕುಡಿಸಿ ಕಳಿಸುತ್ತಾನೆ ಎಂದು... ಹೌದು, ಹಾಗೆಂದುಕೊಂಡೇ ಹೋಗಿದ್ದೆ. ಅವನು ವೆಲ್ಡಿಂಗ್ ಕಡ್ಡಿಯನ್ನು ನೆಲಕ್ಕೆಸೆದು ಎದ್ದು ನಿಂತ.

"ನಂಗ್ಯಾಕೆ ಹೇಳ್ತೀಯ? ನಂಗೆ ಅವತ್ತೇ ಗೊತ್ತಿತ್ತು. ನಕ್ಕೋರು ನಿಮ್ಮೂರೋರು, ಅವ್ರಿಗೆ ಹೇಳೋಗು!"

ತಿರುಗಿ ಬಂದೆ. ನಾಳೆ ಈ ವರ್ಷದ ಮಿಷನ್ ಗೊತ್ತುಮಾಡಲು ಊರು ಕಟ್ಟೆಯ ಹತ್ತಿರ ಸೇರುತ್ತದೆ. ಯಾವುದು ಒಳ್ಳೆಯದೆಂದು ಹೇಳಲು ಈ ಸಲವೂ ನನ್ನನ್ನೇ ಕರೆದಿದ್ದಾರೆ. ಹೋಗುತ್ತೇನೆ. ಗಂಗಮ್ಮನೂ ಬಂದು ಕೂತ ಮೇಲೆ ಬಾಯಿ ತೆರೆಯುತ್ತೇನೆ.