ಚುಕ್ಕಾಣಿಯ ಕೆಳಗಿಟ್ಟ ತಟ್ಟೆ

ನನ್ನ ಗಂಡನ ಅಣ್ಣನ ಸುದ್ದಿಯನ್ನು ನಾನು ಮೊದಲು ಕೇಳಿದ್ದು ನನ್ನ ಮದುವೆಯ ಮಾತು ನಡೆದ ದಿನ. ಸಂಬಂಧ ತಂದ ಸೋದರತ್ತೆ ಹುಡುಗನನ್ನು ಹೊಗಳಿ ಮುಗಿಸಿ, ಕೊನೆಗೆ ದನಿ ತಗ್ಗಿಸಿದಳು.

"ಹುಡುಗನಿಗೆ ಒಬ್ಬ ಅಣ್ಣ ಇದ್ದಾನೆ. ಮದುವೆ ಆಗಿಲ್ಲ. ಯಾವಾಗ ನೋಡಿದ್ರೂ ಮೈ ಕೆರ್ಕೊಳ್ತಾ ಇರ್ತಾನೆ. ಹೆದರ್ಕೋಬೇಡಿ, ಅಂಟುರೋಗ ಅಲ್ಲ. ಫೈಬರ್ ಧೂಳು."

"ಏನು ಕೆಲಸ ಅವನದು?" ಅಪ್ಪ ಕೇಳಿದ.

"ಹಾಯಿದೋಣಿಗಳ ಚುಕ್ಕಾಣಿ ರಿಪೇರಿ."

"ದೋಣಿ ರಿಪೇರಿ ಅನ್ನು."

"ಅಲ್ಲಣ್ಣ, ಬರೀ ಚುಕ್ಕಾಣಿ. ನೀನು ಹಲ್ಲಿನ ಡಾಕ್ಟರ ಹತ್ರ ಹೊಟ್ಟೆನೋವಿಗೆ ಹೋಗ್ತೀಯಾ?"

ಎಲ್ಲರೂ ನಕ್ಕರು. ಬಾಗಿಲ ಹಿಂದೆ ನಿಂತಿದ್ದ ನಾನೂ ನಕ್ಕೆ. ಆ ಮನುಷ್ಯನ ಕೆಲಸಕ್ಕೆ ನನ್ನ ಕೈಯಿಂದ ಏನಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ಆ ಮನೆಯ ಹೊಸ್ತಿಲು ತುಳಿಯುತ್ತಿರಲಿಲ್ಲ.

ಮನೆಯಲ್ಲಿದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ತಗಡಿನ ಶೆಡ್ಡು, ಅದರಾಚೆ ನೀರಿಗಿಳಿಯುವ ಇಳಿಜಾರು. ಶೆಡ್ಡಿನ ಅಡ್ಡತೊಲೆಯಿಂದ ಚುಕ್ಕಾಣಿಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಗಾಳಿ ಬೀಸಿದರೆ ಒಂದಿಷ್ಟೇ ತಿರುಗುತ್ತಿದ್ದವು. ಮೊದಮೊದಲು ಅಲ್ಲಿಗೆ ಒಬ್ಬಳೇ ಹೋಗಲು ನನಗೆ ಅಳುಕು. ಭಾವನಿಗೆ ಅದು ತಿಳಿದು, "ಕಚ್ಚಲ್ಲ ಕಣಮ್ಮ, ಹಲ್ಲೆಲ್ಲ ಕಿತ್ತಿದ್ದೀನಿ" ಎನ್ನುತ್ತಿದ್ದರು. ಸೆಕೆಯಲ್ಲೂ ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಮಣಿಕಟ್ಟಿಗೆ ಪೌಡರ್ ಬಳಿದುಕೊಂಡು ಕೆಲಸಕ್ಕೆ ಕೂರುವವರು. ಆದರೂ ಊಟದ ಹೊತ್ತಿಗೆ ಮೊಣಕೈ ಕೆರೆತ ತಪ್ಪುತ್ತಿರಲಿಲ್ಲ. ಇನ್ನೊಂದು ತಮಾಷೆ, ದೋಣಿಯ ಅಂಗವನ್ನು ರಿಪೇರಿ ಮಾಡುವ ಆ ಮನುಷ್ಯನಿಗೆ ಕಟ್ಟೆಗೆ ಕಟ್ಟಿದ ದೋಣಿಯಲ್ಲಿ ನಿಂತರೂ ವಾಂತಿ. ಅಲೆಗಳ ಮೇಲೆ ಬೆಳೆದವರು ನನ್ನ ಗಂಡ. ದೋಣಿ ನಡೆಸುವುದೇ ಅವರ ಕಸುಬು.

ದೋಣಿಯ ಹಿಂಭಾಗದಲ್ಲಿ ನೀರೊಳಗಿದ್ದು ದಿಕ್ಕು ತಿರುಗಿಸುವ ಈ ಚುಕ್ಕಾಣಿ ನೋಡಲು ದಪ್ಪ ಹಲಗೆಯ ಹಾಗಿರುತ್ತದೆ. ಹೊರಗೆ ಎರಡು ಫೈಬರ್ ಚಿಪ್ಪು, ನಡುವೆ ಸ್ಪಂಜಿನಂಥ ಫೋಮು, ಅದರೊಳಗೆ ಸ್ಟೀಲಿನ ದಂಡ. ದಂಡಕ್ಕೆ ಮೀನಿನ ಮುಳ್ಳಿನ ಹಾಗೆ ಪಟ್ಟಿಗಳನ್ನು ಬೆಸೆದಿರುತ್ತಾರೆ. ದಂಡ ಒಳಗೆ ಹೋಗುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಸೇರುತ್ತದೆ. ಗಾಳಿಯಾಡದ ಆ ನೀರಿನಲ್ಲಿ ಸ್ಟೀಲೂ ತುಕ್ಕು ಹಿಡಿದು ಕೊಳೆಯುತ್ತದೆ. ಹೊರಗೆ ಥಳುಕು, ಒಳಗೆ ಹುಳುಕು. ಬೆಸುಗೆ ಕಳಚಿತೆಂದರೆ ಮೇಲೆ ಹಿಡಿಕೆ ತಿರುಗುತ್ತಲೇ ಇರುತ್ತದೆ, ಕೆಳಗೆ ಚುಕ್ಕಾಣಿ ಮಾತು ಕೇಳುವುದಿಲ್ಲ.

ಹಾಗಾಗಿ ಭಾವ ಅಂಚಿನಲ್ಲಿ ಸಣ್ಣ ತೂತು ಕೊರೆದು, ನೀರು ಬಸಿಯಲು ತೂಗುಹಾಕಿ, ಕೆಳಗೆ ತಟ್ಟೆ ಇಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ತಟ್ಟೆಗೆ ಬೆರಳಾಡಿಸಿ ನೋಡುವುದು. ಒಣಗಿದ್ದರೆ ಕಂಬದ ಮೇಲೆ ಸುಣ್ಣದ ಗೀರು. ಸಾಲಾಗಿ ಒಂಬತ್ತು ಗೀರು ಬಿದ್ದರೆ ತೂತು ಮುಚ್ಚುವುದು. ನಡುವೆ ಹನಿ ಕಂಡರೆ ಎಣಿಕೆ ಮೊದಲಿಂದ. ತುಕ್ಕಿನ ಕೆಂಪು ಹನಿ ಕಂಡರೆ ಮಾತ್ರ ಎಣಿಕೆಯೇ ಇಲ್ಲ, ಚಿಪ್ಪು ಸೀಳಿ ಬೆಸುಗೆ ನೋಡಲೇಬೇಕು.

ಈ ನಿಯಮ ನನಗೆ ಗೊತ್ತಾದದ್ದು ಆಮೇಲೆ. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಮದುವೆಯಾಗಿ ಮೂರು ತಿಂಗಳಿಗೆ ಊರಿನ ಶಾಲೆಯ ಮೇಷ್ಟ್ರು ಬಂದರು. ಕೆಲಸದಿಂದ ನಿವೃತ್ತರಾಗಿ ಒಂದು ಹಳೆಯ ಹಾಯಿದೋಣಿ ಕೊಂಡಿದ್ದರು. ಅದರಲ್ಲೇ ನಾಲ್ಕು ದಿನ ಸಾಗಿ ಮಗಳ ಊರು ಮುಟ್ಟಬೇಕೆಂದು ಅವರ ಹಟ. ಜೊತೆಗೆ ಬರಲು ನನ್ನ ಗಂಡ ಒಪ್ಪಿದರು. ಚುಕ್ಕಾಣಿ ನಮ್ಮ ಶೆಡ್ಡಿಗೆ ಬಂತು.

ಭಾವ ತೂತು ಕೊರೆದಾಗ ಒಂದು ಲೋಟದಷ್ಟು ನೀರು ಸುರಿಯಿತು. "ತಿಳಿಯಾಗಿದೆ ನೋಡೋ," ಎಂದು ತಮ್ಮನಿಗೆ ತೋರಿಸಿದರು. "ಮೊನ್ನೆ ಮೊನ್ನೆ ಒಳಗೆ ಹೋಗಿರೋದು."

ಚುಕ್ಕಾಣಿಯ ಕೆಳಗಿಡುತ್ತಿದ್ದ ಅವರ ಹಳೆಯ ಟ್ರೇ ಒಡೆದಿತ್ತು. ಅಡುಗೆಮನೆ ಬಾಗಿಲಿಗೆ ಬಂದು, "ಒಂದು ತಟ್ಟೆ ಕೊಡಮ್ಮ, ನಿನ್ನ ತವರಿನದ್ದು ಬೇಡ, ಆಮೇಲೆ ನನ್ನ ತಲೆ ತಿಂದೀಯ" ಎಂದರು. ನಗುತ್ತ ನಾನೇ ಕೈಯಾರೆ ಕೊಟ್ಟೆ.

ಬೆಳಗಾಗುವ ಮುಂಚೆ ಮನೆಯ ಪಾತ್ರೆಯೆಲ್ಲ ಶುದ್ಧವಾಗಿರಬೇಕು ಎಂದು ನನ್ನಮ್ಮ ಬೆನ್ನಿಗೆ ಗುದ್ದಿ ಕಲಿಸಿದ್ದಳು. ಊಟದ ತಟ್ಟೆ ರಾತ್ರಿಯೆಲ್ಲ ಶೆಡ್ಡಿನಲ್ಲಿ ಬಿದ್ದಿರುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಆರು ಗಂಟೆಗೆ ಮಿಕ್ಕ ಪಾತ್ರೆಗಳ ಜೊತೆ ಅದನ್ನೂ ತಂದು, ತಿಕ್ಕಿ, ಒರೆಸಿ, ಮೊದಲಿದ್ದಲ್ಲೇ ಇಟ್ಟು ಬರುತ್ತಿದ್ದೆ. ಮೊದಲೆರಡು ದಿನ ನೀರಿನ ಕಲೆ. ಆಮೇಲೆ ದಿನವೂ ಎರಡೋ ಮೂರೋ ಹನಿ, ಚಹಾದ ಬಣ್ಣ. ಎರಡು ದಿನ ಕಳೆದ ಮೇಲೆ ಅದೂ ಇನ್ನಷ್ಟು ಕೆಂಪಗಾಯಿತು. ಹುಣಸೆಹಣ್ಣು ಹಾಕಿ ತಿಕ್ಕಬೇಕಾಯಿತು. ಎಂಟಕ್ಕೆ ಭಾವ ಬಂದು ಬೆರಳಾಡಿಸಿ, ಒಣಗಿದೆ ಎಂದು ಗೀರು ಎಳೆಯುತ್ತಿದ್ದರು.

ಒಂಬತ್ತನೇ ಗೀರು ಬಿತ್ತು. ತೂತು ಮುಚ್ಚಿದರು. ಬಿರುಕಿದ್ದ ಜಾಗ ಉಜ್ಜಿ, ಫೈಬರ್ ಬಟ್ಟೆಯ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಮೂರು ಪದರ ಹಾಕಿ, ಬಣ್ಣ ಹಚ್ಚಿದರು. ಇಳಿಜಾರಿನಲ್ಲಿ ದೋಣಿಯ ಹಿಂಭಾಗದ ಕೆಳಗೆ ಗುಂಡಿ ತೋಡಿ, ದಂಡವನ್ನು ಕೆಳಗಿನಿಂದ ತೂರಿಸಿ, ಮೇಲೆ ನಟ್ಟು ಬಿಗಿದರು. ಮೇಷ್ಟ್ರು ಹಿಡಿಕೆ ಹಿಡಿದು ಅತ್ತಿತ್ತ ತಿರುಗಿಸಿದರು.

"ಹೆಂಗಿದೆ ಮೇಷ್ಟ್ರೇ?"

"ಬೆಣ್ಣೆಯಯ್ಯಾ! ನನ್ನ ವಿದ್ಯಾರ್ಥಿಗಳು ಹಿಂಗೆ ಮಾತು ಕೇಳಿದ್ರೆ ನನ್ನ ತಲೆಯಲ್ಲಿ ಕೂದಲಿರ್ತಿತ್ತು."

ಮರುದಿನ ಹೊರಟರು. ನನ್ನ ಗಂಡ ಕೈ ಬೀಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನೀಲಿ ಅಂಗಿ, ಎಡಗೈ.

ಅದರ ಮರುದಿನ ಬೆಳಿಗ್ಗೆ ಇನ್ನೊಂದು ಚುಕ್ಕಾಣಿಯ ಕೆಳಗಿಂದ ಅದೇ ತಟ್ಟೆ ಎತ್ತಿ ತೊಳೆದು ಒರೆಸುತ್ತಿದ್ದೆ. ಆವತ್ತು ಭಾವ ಎಂದಿಗಿಂತ ಬೇಗ ಎದ್ದಿದ್ದರು.

"ಏನಮ್ಮಾ ಮಾಡ್ತಿದ್ದೀಯಾ?"

"ತಟ್ಟೆ ತೊಳೀತಿದ್ದೀನಿ ಭಾವ."

"ಯಾಕೆ?"

"ದಿನಾ ತೊಳೆದಿಡ್ತೀನಲ್ಲ, ಅದಕ್ಕೇ."

ಭಾವ ಕಂಬ ಹಿಡಿದುಕೊಂಡರು. ಆಮೇಲೆ ಮಗುವನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು, "ಮೇಷ್ಟ್ರ ಚುಕ್ಕಾಣಿ ಇದ್ದಾಗಲೂ ತೊಳೀತಿದ್ಯಾ?"

"ಹೌದು."

"ತಟ್ಟೇಲಿ ಏನಾದ್ರೂ ಇರ್ತಿತ್ತಾ?"

"ಎರಡು ಮೂರು ಹನಿ. ಕೆಂಪಗೆ. ಯಾಕೆ ಭಾವ?"

ಅವರ ಮುಖದಲ್ಲಿ ರಕ್ತ ಇಂಗಿ ಹೋಯಿತು. ಆ ನಿಯಮವನ್ನು ಆಗಲೇ, ನಾಲ್ಕೇ ಮಾತಿನಲ್ಲಿ ಹೇಳಿದರು. ಹೊರಗೆ ಗಾಳಿ ಏಳುತ್ತಿತ್ತು. ಶೆಡ್ಡಿನ ತಗಡು ಒಂದೇ ಸಮ ಪಟಪಟ ಎನ್ನುತ್ತಿತ್ತು.

ಇಬ್ಬರೂ ಬಂದರಿನ ಆಫೀಸಿಗೆ ಓಡಿದೆವು. ರೇಡಿಯೋದವನು ಮೂರು ಸಲ ಕೂಗಿದ. ಬರೀ ಗೊರಗೊರ ಸದ್ದು. "ಆ ಸಣ್ಣ ದೋಣಿಯ ಸೆಟ್ಟು ಅಷ್ಟು ದೂರದಿಂದ ಕೇಳಲ್ಲ," ಎಂದ. "ಸಂಜೆ ಮತ್ತೆ ನೋಡೋಣ."

"ಸಂಜೆವರೆಗೂ ಗಾಳಿ ಕಾಯುತ್ತೇನಯ್ಯಾ?" ಎಂದು ಭಾವ ಕಟ್ಟೆಯ ಕಡೆ ನಡೆದರು. ಅಲ್ಲಿ ಮೀನು ಹಿಡಿಯುವ ಎಂಜಿನ್ ದೋಣಿಯೊಂದು ಹೊರಡುವುದರಲ್ಲಿತ್ತು. ಅದರ ಯಜಮಾನನನ್ನು ಎಲ್ಲರೂ ಗುಮ್ಮ ಎನ್ನುತ್ತಿದ್ದರು, ನಕ್ಕದ್ದನ್ನು ಕಂಡವರಿಲ್ಲ. ಚುಕ್ಕಾಣಿ ಕಳಚಬಹುದು ಎಂದಷ್ಟೇ ಭಾವ ಹೇಳಿದ್ದಕ್ಕೆ ಅವನು, "ನಾನು ಹೋಗಿ ಹುಡುಕ್ತೀನಿ, ನೀನ್ಯಾಕೆ? ನೀನು ಬಕೆಟ್ಟಲ್ಲಿ ನೀರು ಅಲ್ಲಾಡಿದ್ರೂ ಕಕ್ಕೋನು" ಎಂದ.

"ಚುಕ್ಕಾಣಿ ಹೋಗಿದ್ರೆ ಹಲಗೆ ಕಟ್ಟಿ ಇನ್ನೊಂದು ಮಾಡಬೇಕು. ನಿನಗೆ ಬರುತ್ತಾ?"

ಗುಮ್ಮ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಭಾವ ಒಂದು ಹಲಗೆ, ಹಗ್ಗ, ಬೋಲ್ಟುಗಳ ಚೀಲ ಹೊತ್ತು ಹತ್ತಿದರು.

ಮೂರನೇ ದಿನ ಮಧ್ಯಾಹ್ನ ಗುಮ್ಮನ ದೋಣಿ ಹಾಯಿದೋಣಿಯನ್ನು ಎಳೆದುಕೊಂಡು ಬಂತು. ಮೊದಲು ಮೇಷ್ಟ್ರು ಇಳಿದರು. ಆಮೇಲೆ ನನ್ನ ಗಂಡ. ಹೋದ ಜೀವ ಬಂತು ಎಂದುಕೊಂಡೆ. ಮೂರನೆಯವರಿಗಾಗಿ ನೋಡಿದೆ. ಗುಮ್ಮ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಭಾವ ಹೋಗುವಷ್ಟರಲ್ಲಿ ಚುಕ್ಕಾಣಿ ಕಳಚಿ ನೀರುಪಾಲಾಗಿ, ದೋಣಿ ಅಲೆಗೆ ಅಡ್ಡಬಿದ್ದು ಹೊಯ್ದಾಡುತ್ತಿತ್ತಂತೆ. ಭಾವ ವಾಂತಿ ಮಾಡಿಕೊಳ್ಳುತ್ತಲೇ ಅದಕ್ಕೆ ಹಾರಿ, ಹಿಂಭಾಗದಲ್ಲಿ ಬೋರಲು ಮಲಗಿ ಹಲಗೆ ಕಟ್ಟಿದರಂತೆ. ದೋಣಿ ಮುಖ ತಿರುಗಿಸಿ ನೆಟ್ಟಗಾಯಿತು. ಕೊನೆಯ ಗಂಟು ಹಾಕುವಾಗ ಒಂದು ಅಲೆ ಮೇಲೆ ಬಂತು. ಅಲೆ ಇಳಿದಾಗ ಹಲಗೆ ಇತ್ತು, ಭಾವ ಇರಲಿಲ್ಲ. ಕತ್ತಲಾಗುವವರೆಗೂ ಹುಡುಕಿದರು.

"ಅಣ್ಣನಿಗೆ ಹೆಂಗೆ ಗೊತ್ತಾಯ್ತು, ನಮಗೆ ಹಿಂಗಾಗುತ್ತೆ ಅಂತ?" ನನ್ನ ಗಂಡ ಆವತ್ತು ಕೇಳಿದರು. ಆಮೇಲೆ ಮೂವತ್ತೆಂಟು ವರ್ಷ ಬದುಕಿದರು. ಆಗಾಗ ಅದನ್ನೇ ಕೇಳುತ್ತಿದ್ದರು. ನನಗೆ ಬಾಯಿ ಬರಲಿಲ್ಲ. ಅವರೂ ತೀರಿಕೊಂಡು ಈಗ ನಾಲ್ಕು ವರ್ಷ.

ಬಾಯಿ ಕಟ್ಟಿದ್ದು ಹೆದರಿಕೆ ಮಾತ್ರ ಅಲ್ಲ. ಆ ದಿನ ಕಟ್ಟೆಯ ಮೇಲೆ ನಾನು ಅಳುತ್ತ, "ಅವರು ಬಂದ ಕೂಡಲೇ ಕಾಲು ಹಿಡಿದು ಎಲ್ಲಾ ಹೇಳಿಬಿಡ್ತೀನಿ ಭಾವ" ಎಂದಿದ್ದೆ. ಗುಮ್ಮ ಎಂಜಿನ್ ಚಾಲೂ ಮಾಡಿಯಾಗಿತ್ತು. ಭಾವ ಕಂಬಿ ಹಿಡಿದು ಬಗ್ಗಿದರು. ಆಗಲೇ ಮುಖ ಹಸಿರುಗಟ್ಟಿತ್ತು.

"ತಟ್ಟೆ ವಿಷಯ ಅವನಿಗೆ ನೀನು ಹೇಳಬೇಡಮ್ಮ," ಎಂದರು. "ನಾನೇ ಬಂದು ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡಬೇಡ."