ಕಪ್ಪು ಮೂರರ ಅಳು

ನಮ್ಮ ಶಾಲೆಯ ಹನ್ನೆರಡು ಹಾರ್ಮೋನಿಯಂಗಳನ್ನು ಇಪ್ಪತ್ತೆಂಟು ವರ್ಷ ನೋಡಿಕೊಂಡವನನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಕಿವಿಗಳೇನೂ ದೊಡ್ಡವಲ್ಲ, ಬಲು ಚುರುಕು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಬರುತ್ತಿರುವವರು ಯಾರು, ಯಾವ ಕಾಲಿನ ಹಿಮ್ಮಡಿ ಸವೆದಿದೆ ಎಂದು ಹೇಳಿಬಿಡುತ್ತಿದ್ದ.

ಅವನ ಅಂಗಡಿಯಲ್ಲಿ ಒಬ್ಬರು ಕುಳಿತರೆ ಇನ್ನೊಬ್ಬರು ಬೀದಿಯಲ್ಲೇ ನಿಲ್ಲಬೇಕು. ಬಿಚ್ಚಿಟ್ಟ ತಿದಿಗಳು, ಡಬ್ಬಿ ತುಂಬ ಹಿತ್ತಾಳೆ ರೀಡುಗಳು, ಮೂರು ಸಣ್ಣ ಅರಗಳು. ರೀಡಿನ ತುದಿಯನ್ನು ಅರದಿಂದ ಉಜ್ಜಿದರೆ ಸ್ವರ ಏರುತ್ತದೆ. ಬುಡವನ್ನು ಉಜ್ಜಿದರೆ ಇಳಿಯುತ್ತದೆ. ಇಷ್ಟು ಬಲ್ಲವರು ಊರಿನಲ್ಲಿ ಬೇರೆಯವರೂ ಇದ್ದರು. ಅವರೆಲ್ಲ ಸ್ವರಗಳ ನಡುವಿನ ಅಂತರವನ್ನು ಸಮನಾಗಿ ಹಂಚುತ್ತಿದ್ದರು. ಕಿವಿಯಣ್ಣ ಮಾತ್ರ ಬೇಕೆಂದೇ ಅಲ್ಲೊಂದು ಕೂದಲೆಳೆ ಹೆಚ್ಚು, ಇಲ್ಲೊಂದು ಕೂದಲೆಳೆ ಕಡಿಮೆ ಉಳಿಸುತ್ತಿದ್ದ. ಹೀಗಾಗಿ ಅವನ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಬಿಳಿ ಒಂದರಿಂದ, ಅಂದರೆ ಮೊದಲ ಬಿಳಿ ಕೀಯಿಂದ, ಎತ್ತಿಕೊಂಡ ಹಾಡು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮಗುವಿನಂತಿರುತ್ತಿತ್ತು. ಅದೇ ಹಾಡನ್ನು ಕಪ್ಪು ಮೂರರಿಂದ, ಅಂದರೆ ಮೂರನೆಯ ಕಪ್ಪು ಕೀಯಿಂದ, ಎತ್ತಿಕೊಂಡರೆ ಗಾಂಧಾರ ತುಸು ಮೇಲೇರಿ ಎದೆಗೆ ಚುಚ್ಚುತ್ತಿತ್ತು.

"ಎಲ್ಲಾ ಶ್ರುತೀನೂ ಒಂದೇ ಥರ ಇರೋದಾದ್ರೆ ಇಷ್ಟೊಂದು ಯಾಕೆ ಬೇಕು ಮೇಷ್ಟ್ರೇ?" ಎಂದು ನನ್ನನ್ನು ಕೇಳುತ್ತಿದ್ದ.

"ಹೆಂಡ್ತಿ ಕೂಗಿದ್ದು ಮಾತ್ರ ಯಾವ ಶ್ರುತೀಲೂ ಕೇಳಲ್ಲ ಈ ಕಿವಿಗೆ," ಎಂದು ಅಂಗಡಿಯ ಹಿಂದಿನ ಮನೆಯೊಳಗಿನಿಂದ ಅವನ ಹೆಂಡತಿ ಚುಚ್ಚುತ್ತಿದ್ದಳು.

"ಕೇಳುತ್ತೆ ಕಣೇ. ನಿಂದು ಯಾವಾಗಲೂ ಕಪ್ಪು ಮೂರು."

ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಬಿಳಿ ಒಂದು, ಬೀಳ್ಕೊಡುಗೆಗೂ ಸಂತಾಪಕ್ಕೂ ಕಪ್ಪು ಮೂರು ಎಂದು ಅವನೇ ಗೊತ್ತುಮಾಡಿದ್ದ. ಗಂಟೆ ಹೊಡೆಯುತ್ತಿದ್ದ ಅಜ್ಜ ತೀರಿಕೊಂಡ ದಿನ ಅದೇ ಬೆಳಗಿನ ಪ್ರಾರ್ಥನೆಯನ್ನು ಕಪ್ಪು ಮೂರರಿಂದ ಹಾಡಿಸಿದೆವು. ಏಳನೆಯ ತರಗತಿಯ ಕೊನೆಯ ಬೆಂಚಿನವರೂ ತಲೆ ತಗ್ಗಿಸಿ ನಿಂತಿದ್ದರು. ನನ್ನ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಹೊಸ ಸಂಗೀತದ ಮೇಡಂ ಬಂದರು. ಅವರ ಬಳಿ ಒಂದು ಕರೆಂಟಿನ ಕೀಬೋರ್ಡ್ ಮತ್ತು ಸ್ವರ ಅಳೆಯುವ ಒಂದು ಪುಟ್ಟ ಯಂತ್ರವಿದ್ದವು. ಹನ್ನೆರಡು ಪೆಟ್ಟಿಗೆಗಳ ಮುಂದೆಯೂ ಯಂತ್ರವನ್ನು ಇಟ್ಟು ನೋಡಿದರು. ಮುಳ್ಳು ಅತ್ತಿತ್ತ ಓಲಾಡಿತು.

"ಸಾರ್, ಒಂದು ಪೆಟ್ಟಿಗೇನೂ ಸರಿ ಇಲ್ಲ. ಪಾಪ, ಅವರಿಗೆ ಕಿವಿ ಹೋಗಿದೆ," ಎಂದರು ಹೆಡ್‌ಮೇಷ್ಟ್ರಿಗೆ. ಮೇಡಂ ಕೆಟ್ಟವರಲ್ಲ. ಮುಳ್ಳು ಹೇಳಿದ್ದನ್ನು ಹೇಳಿದರು, ಅಷ್ಟೆ.

ವಿಚಾರಣೆ ಸ್ಟಾಫ್ ರೂಮಿನಲ್ಲಿ ನಡೆಯಿತು. ನಮ್ಮ ಶಾಲೆ ಕೈಬಿಟ್ಟರೆ ಊರಿನ ಉಳಿದ ಶಾಲೆಗಳೂ ಕೈಬಿಡುತ್ತವೆ. ಇದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು. ಅವನು ಒಗೆದು ಮಡಿಸಿದ ಅಂಗಿ ತೊಟ್ಟು ಬಂದಿದ್ದ.

"ಒಂದೊಂದು ಶ್ರುತೀಗೂ ಒಂದೊಂದು ಗುಣ ಅಂತೀರಲ್ಲ, ಗೋಡೆ ಕಡೆ ತಿರುಗಿ ನಿಂತ್ಕೊಳ್ಳಿ," ಎಂದರು ಹೆಡ್‌ಮೇಷ್ಟ್ರು. "ಮೇಡಂ ನುಡಿಸ್ತಾರೆ. ಅಳು ಬರೋದು ಯಾವುದು ಹೇಳಿ ನೋಡೋಣ."

ಮೇಡಂ ತಮ್ಮ ಕೀಬೋರ್ಡಿನಲ್ಲೇ ಪ್ರಾರ್ಥನೆಯನ್ನು ಎರಡು ಶ್ರುತಿಯಲ್ಲಿ ನುಡಿಸಿದರು. ಪಕ್ಕದ ಕೊಠಡಿಯಲ್ಲೇ ಅವನ ಪೆಟ್ಟಿಗೆಗಳಿದ್ದವು. ಅವುಗಳಲ್ಲೊಂದನ್ನು ತರಿಸಬೇಕು ಎಂದು ನನಗೆ ಹೊಳೆಯಿತು. ಆದರೆ ಊಟದ ಗಂಟೆ ಹೊಡೆದಿತ್ತು, ಹೆಡ್‌ಮೇಷ್ಟ್ರು ಗಡಿಯಾರ ನೋಡುತ್ತಿದ್ದರು. ನಾನು ನಡಾವಳಿ ಪುಸ್ತಕದ ಹಾಳೆ ತಿರುವಿದೆ.

ಕಿವಿಯಣ್ಣ ಗೋಡೆಗೆ ಮುಖ ಮಾಡಿಕೊಂಡೇ ಹೇಳಿದ: "ಎರಡನೇದು ಎತ್ತರದಲ್ಲಿದೆ. ಮಿಕ್ಕಂತೆ ಎರಡೂ ಒಂದೇ."

"ಹಾಗಾದ್ರೆ ವ್ಯತ್ಯಾಸ ಇಲ್ಲ ಅಂತ ಒಪ್ಕೋತೀರಿ?"

"ಇದ್ರಲ್ಲಿ ಇಲ್ಲ ಸಾರ್. ಇದು ಎಲ್ಲಾನೂ ಸಮ ಮಾಡಿಟ್ಟಿರೋ ಪೆಟ್ಟಿಗೆ."

ಯಾರೋ ಕಿಸಕ್ಕೆಂದರು. ನಡಾವಳಿ ಬರೆಯುವ ಕೆಲಸ ನನ್ನದು. ಕೀಬೋರ್ಡಿನ ಮಾತನ್ನೇ ಎತ್ತದೆ, 'ಶ್ರುತಿಗಳಲ್ಲಿ ವ್ಯತ್ಯಾಸವಿಲ್ಲವೆಂದು ಸದರಿಯವರು ಒಪ್ಪಿಕೊಂಡರು' ಎಂದು ದುಂಡಗೆ ಬರೆದು, ಓದಿ ಹೇಳಿ, ಸಹಿ ಹಾಕಿದೆ. ಅರ್ಧ ಉತ್ತರ ಬರೆದ ಮಕ್ಕಳಿಗೆ ಜೀವಮಾನವಿಡೀ ಅಂಕ ಕಳೆದವನು ನಾನು.

ಪೆಟ್ಟಿಗೆಗಳನ್ನೆಲ್ಲ ಯಂತ್ರದ ಪ್ರಕಾರ ಸರಿಪಡಿಸಬೇಕೆಂದು ತೀರ್ಮಾನವಾಯಿತು. ಹೊರಗಿನವರನ್ನು ಕರೆಸೋಣ ಎಂದಾಗ ಕಿವಿಯಣ್ಣ ಕೈ ಅಡ್ಡ ಮಾಡಿದ. "ಬೇರೆಯವರ ಅರ ಬೀಳೋದು ಬೇಡ. ನಾನೇ ಮಾಡ್ತೀನಿ."

ಹದಿನೇಳು ದಿನ ಬಂದ. ಮುಳ್ಳನ್ನು ನೋಡುವುದು, ಉಜ್ಜುವುದು, ಮತ್ತೆ ಮುಳ್ಳನ್ನು ನೋಡುವುದು. ಕೆಲಸ ಮಾಡುವಾಗ ಸದಾ ಗುನುಗುತ್ತಿದ್ದವನು ಆ ಹದಿನೇಳು ದಿನವೂ ಗುನುಗಲಿಲ್ಲ. ನೆಲದ ಮೇಲೆ ಬಿದ್ದ ಹಿತ್ತಾಳೆಯ ಪುಡಿಯನ್ನು ತಾನೇ ಗುಡಿಸಿ ಕಾಗದದಲ್ಲಿ ಕಟ್ಟಿಕೊಂಡು ಹೋದ. ಕಿವಿ ಹೋಯಿತಂತೆ ಎಂಬ ಸುದ್ದಿ ಅಷ್ಟರಲ್ಲಿ ಊರೆಲ್ಲ ಹರಡಿತ್ತು. ಉಳಿದ ಶಾಲೆಗಳವರು ಅವನನ್ನು ಕರೆಯುವುದನ್ನೇ ಬಿಟ್ಟರು.

ಮರುವರ್ಷ ಹೆಡ್‌ಮೇಷ್ಟ್ರ ಬೀಳ್ಕೊಡುಗೆ. ಮಕ್ಕಳು ಎಷ್ಟು ಅಭ್ಯಾಸ ಮಾಡಿದರೂ ಕಪ್ಪು ಮೂರರ ಹಾಡು ಸಪ್ಪೆಯಾಗಿತ್ತು. ನಾನು ನಾಚಿಕೆ ನುಂಗಿಕೊಂಡು ಅವನ ಅಂಗಡಿಗೆ ಹೋದೆ. ರೀಡಿನ ಡಬ್ಬಿ ಇದ್ದ ಜಾಗದಲ್ಲಿ ಮುರಿದ ಛತ್ರಿಗಳಿದ್ದವು. ಒಳಗಿನಿಂದ ಅವನ ಹೆಂಡತಿ ಇಣುಕಿ ನೋಡಿ ಬಾಗಿಲು ಮುಂದೆ ಮಾಡಿಕೊಂಡಳು.

"ಬೀಳ್ಕೊಡುಗೆಗೆ ಯಾವ ಶ್ರುತಿ ಇಟ್ಕೊಳ್ಳೋಣಪ್ಪ?" ಎಂದೆ.

ಅವನು ತಲೆ ಎತ್ತಲಿಲ್ಲ. "ಮಕ್ಕಳ ಗಂಟಲಿಗೆ ಯಾವುದು ಸುಲಭವೋ ಅದನ್ನ ಇಟ್ಕೊಳ್ಳಿ ಮೇಷ್ಟ್ರೇ. ಈಗ ಎಲ್ಲಾ ಒಂದೇ ಅಲ್ವಾ? ನೀವೇ ಬರ್ದಿದ್ದೀರಲ್ಲ," ಎಂದು ಛತ್ರಿಯ ಕಡ್ಡಿಗೆ ತಂತಿ ಸುತ್ತತೊಡಗಿದ.